ಕ ಇಳಿ ಕಾ

2022ರ ಜೂನ್ ತಿಂಗಳ ಒಂದು ಸಂಜೆ. ಮೈಸೂರಿನ ಕುವೆಂಪುನಗರದ ಒಂದು ಮಹಡಿ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಳಗಿನಿಂದ ಮೂರು ದನಿ ಒಟ್ಟಿಗೆ ಕೇಳಿಸಿತು.

“ಇಳಿಯೋ ಕಂದ.”

“ಇಳಿ ಅಂದೆ.”

“ಈಗ ಇಳೀತೀಯೋ ಇಲ್ವೋ?”

ಹಾಲಿನಲ್ಲಿ ಅಜ್ಜಿ, ಅಮ್ಮ, ಅಪ್ಪ ಮೂವರೂ ತಲೆ ಎತ್ತಿ ನಿಂತಿದ್ದರು. ಕಿಟಕಿ ಸರಳು ಹತ್ತಿ, ಪರದೆ ಕಂಬಿ ತಲೆಗೆ ತಾಗುವಷ್ಟು ಎತ್ತರದಲ್ಲಿ ಒಬ್ಬ ಹುಡುಗ ನೇತಾಡುತ್ತಿದ್ದ. ನನ್ನನ್ನು ಒಂದು ಸಲ ಚೆನ್ನಾಗಿ ನೋಡಿದ.

“ಅಜ್ಜಿ, ಇದು ಎಷ್ಟನೇ ಮಿಸ್?”

“ಮೂರನೆಯೋರು ಕಣೋ. ಇವರನ್ನಾದ್ರೂ ಓಡಿಸಬೇಡ.”

ಅವನ ನಿಜವಾದ ಹೆಸರು ಇಲ್ಲಿ ಬೇಡ. ಅಜ್ಜಿ ಕರೆಯುತ್ತಿದ್ದ ಹಾಗೆ ಗುಂಡ ಅನ್ನುತ್ತೇನೆ. ಆಗ ಅವನಿಗೆ ಎಂಟು ವರ್ಷ, ಮೂರನೇ ತರಗತಿ. ಒಂದನೇ ತರಗತಿಗೆ ಸೇರಿದ್ದು 2020ರಲ್ಲಿ, ಕೊರೊನಾ ಕಾಲದಲ್ಲಿ. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಮತ್ತೆ ಶಾಲೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟರಲ್ಲಿ ಗುಂಡನ ಒಂದನೇ ತರಗತಿ ಪೂರ್ತಿ, ಎರಡನೇ ತರಗತಿ ಅರ್ಧ, ಅಮ್ಮನ ಮೊಬೈಲಿನೊಳಗೇ ಮುಗಿದುಹೋಗಿತ್ತು. ಅಆಇಈ ಹೇಗೋ ಬರುತ್ತಿತ್ತು. ಕಾಗುಣಿತ ಬರುತ್ತಿರಲಿಲ್ಲ. ಓದುತ್ತಿದ್ದದ್ದು ಇಂಗ್ಲಿಷ್ ಮೀಡಿಯಂ ಶಾಲೆ. ಆದರೆ ಕನ್ನಡ ಬಿಡುವ ಹಾಗಿಲ್ಲ, 2015ರ ಕಾಯ್ದೆಯ ಪ್ರಕಾರ ಅದು ಕಡ್ಡಾಯ. ಬಿಡಬೇಕು ಅಂತ ಆ ಮನೆಯಲ್ಲಿ ಯಾರಿಗೂ ಇರಲೂ ಇಲ್ಲ.

ನಾನು ಆಗ ತಾನೇ ಬಿ.ಎಡ್. ಮುಗಿಸಿದ್ದೆ. ವಾರಕ್ಕೆ ಐದು ದಿನ, ಸಂಜೆ ಆರರಿಂದ ಏಳು, ಕನ್ನಡ ಮತ್ತು ಲೆಕ್ಕ ಅಂತ ಮಾತಾಗಿತ್ತು.

ಮೊದಲ ದಿನ ಪಾಠ ನಡೆದದ್ದು ನಾಲ್ಕು ನಿಮಿಷ. ಹೊರಡುವಾಗ ನೋಡಿದರೆ ನನ್ನ ಬಲಗಾಲಿನ ಚಪ್ಪಲಿ ಇಲ್ಲ. ಅಜ್ಜಿ ಮತ್ತು ನಾನು ಇಪ್ಪತ್ತು ನಿಮಿಷ ಹುಡುಕಿದೆವು. ಕೊನೆಗೆ ಸಿಕ್ಕಿದ್ದು ವಾಷಿಂಗ್ ಮೆಷಿನ್ ಒಳಗೆ.

“ಒಂದೇ ಚಪ್ಪಲಿ ಯಾಕೋ ಬಚ್ಚಿಟ್ಟೆ?” ಅಂತ ಅಜ್ಜಿ ಕೇಳಿದರು.

“ಎರಡೂ ಬಚ್ಚಿಟ್ರೆ ಮಿಸ್ ಬರಿಗಾಲಲ್ಲೇ ಹೋಗಿಬಿಡ್ತಾರೆ. ಒಂದು ಬಚ್ಚಿಟ್ರೆ ಹುಡುಕ್ತಾ ಇಲ್ಲೇ ಇರ್ತಾರೆ.”

ನಾಳೆ ಬರಬೇಕೋ ಬೇಡವೋ ಅಂತ ಮನಸ್ಸಿನಲ್ಲಿ ಅಲ್ಲಿವರೆಗೂ ಓಡುತ್ತಿತ್ತು. ಆ ಮಾತು ಕೇಳಿದ ಮೇಲೆ ಓಡಲಿಲ್ಲ.

ಆಮೇಲಿನ ಮೂರು ವಾರ ಕಷ್ಟದವು. ಪೆನ್ಸಿಲ್ ಕೊಟ್ಟರೆ ಎರಡು ತುಂಡು. ನೋಟ್‌ಬುಕ್ ಕೊಟ್ಟರೆ ಹಾಳೆ ಹರಿದು ಫ್ಯಾನ್ ಕೆಳಗೆ ಹಾರಿಸುವುದು. ಬೇಡ ಅಂದರೆ ಮಂಚದ ಕೆಳಗೆ ನುಗ್ಗಿ ಗೋಡೆಗೆ ಮುಖ ಮಾಡಿ ಮಲಗುವುದು. ಒಂದು ಸಲ ನನ್ನ ಕೈಗೆ ಹಲ್ಲೂರಿದ. ಅವನ ಅಮ್ಮ ಬ್ಯಾಂಕಿನಲ್ಲಿ ಕೆಲಸ ಮಾಡುವವರು. ದಿನಾ ಸಂಜೆ ಬಂದ ತಕ್ಷಣ ನನ್ನ ಮುಖ ನೋಡುತ್ತಿದ್ದರು, ಏನೂ ಕೇಳುತ್ತಿರಲಿಲ್ಲ. ಅವರಿಗೆ ಆಗಲೇ ಶಾಲೆಯಿಂದ, ನೆಂಟರಿಂದ ಬೇಕಾದಷ್ಟು ಮಾತು ಬಂದಿತ್ತು. ‘ಮಗನ್ನ ಹತೋಟಿಲಿ ಇಟ್ಕೊಳ್ಳಿ’ ಅನ್ನೋ ಮಾತು ಎಷ್ಟು ಸಲ ಕೇಳಿದ್ದರೋ.

ಜುಲೈನಲ್ಲಿ ಮಕ್ಕಳ ಮನೋವೈದ್ಯರ ಹತ್ತಿರ ಹೋದರು. ಎರಡನೇ ಸಲ ಹೋಗುವಾಗ ನನ್ನನ್ನೂ ಕರೆದರು. ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ, ಮೈ ಸುಮ್ಮನಿರದ ತೊಂದರೆ ಅಂತ ವೈದ್ಯರು ಹೇಳಿದರು. ಸುಮ್ನೆ ಒಂದು ದಿನ ನೋಡಿ ಹೇಳಿದ್ದಲ್ಲ. ಈ ಲಕ್ಷಣಗಳು ಹನ್ನೆರಡು ವರ್ಷದೊಳಗೇ ಶುರುವಾಗಿರಬೇಕು, ಕಡಿಮೆ ಅಂದರೂ ಆರು ತಿಂಗಳಿಂದ ಇರಬೇಕು, ಮನೆ ಶಾಲೆ ಎರಡೂ ಕಡೆ ಕಾಣಬೇಕು. ಅದಕ್ಕೇ ಶಾಲೆಯವರಿಂದಲೂ ಒಂದು ಪ್ರಶ್ನೆಪಟ್ಟಿ ತುಂಬಿಸಿ ತರಿಸಿಕೊಂಡಿದ್ದರು. “ಇದು ಹಟ ಅಲ್ಲ, ನೀವು ಬೆಳೆಸಿದ್ದರಲ್ಲಿ ತಪ್ಪೂ ಇಲ್ಲ,” ಅಂದಾಗ ಅಮ್ಮ ಅಲ್ಲೇ ಅತ್ತುಬಿಟ್ಟರು. ಗುಂಡ ಅಷ್ಟು ಹೊತ್ತಿಗೆ ವೈದ್ಯರ ತಿರುಗೋ ಕುರ್ಚಿ ಹಿಡಿದು ಅವರನ್ನೇ ಒಂದು ಸುತ್ತು ತಿರುಗಿಸಿದ್ದ. ಅವರು ತಿರುಗಿ ಬಂದು ಮಾತು ಮುಂದುವರಿಸಿದರು.

ನನಗೆ ಅವರು ಹೇಳಿದ್ದು ಚಿಕ್ಕ ಚಿಕ್ಕ ಮಾತುಗಳು. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಹತ್ತು ನಿಮಿಷಕ್ಕಿಂತ ಜಾಸ್ತಿ ಕೂರಿಸಬೇಡಿ. ಮಾಡಿದ ಕೂಡಲೇ ಮೆಚ್ಚಿ, ಆಮೇಲೆ ಮೆಚ್ಚೋಣ ಅಂತ ಇಟ್ಕೋಬೇಡಿ. ಮೈ ಅಲ್ಲಾಡಲಿ, ಬಿಡಿ.

ಹತ್ತು ನಿಮಿಷ ಅಂದರೆ ಗುಂಡನಿಗೆ ಹೇಗೆ ಗೊತ್ತಾಗಬೇಕು? ಗಡಿಯಾರ ನೋಡುವ ಹುಡುಗ ಅಲ್ಲ. ಅದಕ್ಕೆ ಅಜ್ಜಿಯ ಕುಕ್ಕರ್ ಇತ್ತು. ದಿನಾ ಆರು ಗಂಟೆಗೆ ಸಾರಿಗೆ ಬೇಳೆ ಇಡುತ್ತಿದ್ದರು. “ಮೂರು ವಿಷಲ್ ಆಗೋತನಕ ಕೂತ್ಕೋ. ಆಮೇಲೆ ಮೆಟ್ಟಿಲು ಇಳಿದು ಗೇಟು ಮುಟ್ಟಿ ಬಾ,” ಅಂದೆ. ಒಪ್ಪಿದ. ಎರಡು ದಿನ ಚೆನ್ನಾಗಿ ನಡೆಯಿತು. ಮೂರನೇ ದಿನ ಪಾಠ ಶುರುವಾಗಿ ಐದು ನಿಮಿಷಕ್ಕೆ ವಿಷಲ್ ಮೇಲೆ ವಿಷಲ್. ಅಜ್ಜಿ ಓಡಿಹೋಗಿ ನೋಡಿದರೆ ಉರಿ ಪೂರ್ತಿ ದೊಡ್ಡದಾಗಿದೆ. ನೀರು ಕುಡಿದು ಬರ್ತೀನಿ ಅಂತ ಹೋದವನು ಮಾಡಿದ ಕೆಲಸ. ಗ್ಯಾಸ್ ಮುಟ್ಟಬಾರದು ಅಂತ ಅಂದು ಎಲ್ಲರೂ ಸೇರಿ ಅವನಿಂದ ಆಣೆ ಮಾಡಿಸಿಕೊಂಡೆವು. ಆಣೆ ಮುರಿಯಲಿಲ್ಲ, ಬೇರೆ ದಾರಿ ಕಂಡುಕೊಂಡ. ಅಕ್ಕಿಗೆ ಅಜ್ಜಿ ಎರಡೇ ವಿಷಲ್ ಕೂಗಿಸುತ್ತಾರೆ, ಬೇಳೆಗೆ ಮೂರು ಬೇಕು, ಬರೀ ಅಕ್ಕಿ ಇಟ್ಟರೆ ಎರಡಕ್ಕೇ ಏಳಬಹುದು ಅಂತ ಲೆಕ್ಕ ಹಾಕಿದ್ದ.

“ಅಜ್ಜಿ, ಇವತ್ತು ಸಾರು ಬೇಡ. ಬರೀ ಅನ್ನ ಮಾಡು. ಮೊಸರನ್ನ ಅಂದ್ರೆ ನಂಗೆ ತುಂಬಾ ಇಷ್ಟ.”

ಅಜ್ಜಿ ನಂಬಿಬಿಟ್ಟರು. ಆ ವಾರ ಮೂರು ರಾತ್ರಿ ಮನೆಯವರೆಲ್ಲ ಮೊಸರನ್ನವೇ ಉಂಡರು. ನಾಲ್ಕನೇ ದಿನ ಅವನ ಅಪ್ಪ ನನ್ನನ್ನು ಕೇಳಿದರು, “ಮಿಸ್, ಪಾಠಕ್ಕೂ ಬೇಳೆಗೂ ಏನಾದ್ರೂ ಸಂಬಂಧ ಇದೆಯಾ?” ನಾನು ಇದೆ ಅಂದೆ. ಬೇಳೆ ಮತ್ತೆ ಬಂತು.

ಆಗಸ್ಟ್ ತಿಂಗಳ ಆ ದಿನ ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ಹೊರಗೆ ಜಡಿಮಳೆ. ಕಾಗುಣಿತದ ಪಟ ಗೋಡೆಗೆ ಅಂಟಿಸಿದ್ದೆ. ನಾನು “ಕ...” ಅನ್ನುವಷ್ಟರಲ್ಲಿ ಗುಂಡ ಕಿಟಕಿ ಹತ್ತಿದ. ಮಳೆಗೆ ಸರಳು ಒದ್ದೆ. ಜಾರಿ ಬಿದ್ದಾನು ಅಂತ ಗಾಬರಿಯಾಗಿ ಕೂಗಿದೆ.

“ಇಳಿ!”

“ಕಾ!” ಅಂದ ಮೇಲಿಂದ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವನ ಕಣ್ಣು ಅರಳಿತು. ದೊಪ್ಪನೆ ಕೆಳಗೆ ಹಾರಿದ.

“ಮಿಸ್, ಕ ಇಳಿ ಕಾ! ಅದಕ್ಕೇ ಇಳಿ ಅನ್ನೋದಾ? ಕ ಇಳಿದ್ರೆ ಕಾ ಆಗುತ್ತಾ?”

ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ. ನನ್ನ ಬಾಯಿಗೆ ಅದು ಎಷ್ಟು ರೂಢಿ ಅಂದರೆ ‘ಇಳಿ’ ಅನ್ನುವುದು ಒಂದು ಮಾತು ಅಂತಲೇ ಮರೆತುಹೋಗಿತ್ತು. ಗುಂಡನಿಗೆ ಮರೆತಿರಲಿಲ್ಲ. ಹುಟ್ಟಿದಾಗಿನಿಂದ ಅವನು ಜಾಸ್ತಿ ಕೇಳಿಸಿಕೊಂಡ ಮಾತೇ ಅದು.

“ಇನ್ನೊಂದ್ಸಲ,” ಅಂದ.

ಕೋಣೆಯಿಂದ ಹಾಸಿಗೆ ಎಳೆದು ತಂದು ಕಿಟಕಿ ಕೆಳಗೆ ಹಾಕಿದೆವು. ಸರಳು ಒರೆಸಿದೆವು. ಮೂರನೇ ಅಡ್ಡಪಟ್ಟಿಗಿಂತ ಮೇಲೆ ಹತ್ತುವ ಹಾಗಿಲ್ಲ ಅಂತ ಕರಾರಾಯಿತು. ಖ, ಇಳಿ, ಖಾ. ದೊಪ್. ಗ, ಇಳಿ, ಗಾ. ದೊಪ್. ಙ, ಞ ಬಂದಾಗಲೂ ಬಿಡಲಿಲ್ಲ. ಕನ್ನಡದಲ್ಲಿ ಮೂವತ್ತನಾಲ್ಕು ವ್ಯಂಜನ ಇವೆ. ಅವನು ಮೂವತ್ತನಾಲ್ಕು ಸಲ ಹಾರಿದ. ‘ಳಾ’ ಮುಗಿಯುವ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಕೆಳಗಿನ ಮನೆಯಲ್ಲಿರುವ ಓನರ್ ಮಳೆಯಲ್ಲೇ ಮೇಲೆ ಬಂದಿದ್ದರು.

“ಏನಮ್ಮಾ ಅದು, ಅರ್ಧ ಗಂಟೆಯಿಂದ ಗುದ್ದೋ ಸದ್ದು?”

“ಕಾಗುಣಿತ ಕಣ್ರೀ,” ಅಂದರು ಅಜ್ಜಿ. ಅವರ ಮುಖದಲ್ಲಿ ಹೆಮ್ಮೆ ಇತ್ತು.

ಮಾರನೇ ದಿನ ನಾನು ಹೋಗುವಷ್ಟರಲ್ಲಿ ಬಾಗಿಲಲ್ಲೇ ಕಾಯುತ್ತಿದ್ದ. ಕೈಯಲ್ಲಿ ಪೊರಕೆ. ‘ಗುಡಿಸು’ ಮುಂದಿನದು ಅಂತ ಅಜ್ಜಿಯಿಂದ ಮೊದಲೇ ತಿಳಿದುಕೊಂಡಿದ್ದ. ಕ, ಗುಡಿಸು, ಕಿ. ಒಂದು ಅಕ್ಷರಕ್ಕೆ ಒಂದು ಬೀಸು. ಹಾಲ್ ಮುಗಿಯಿತು, ಕೋಣೆ ಮುಗಿಯಿತು. ‘ಗುಡಿಸಿನ ದೀರ್ಘ’ ಬಂದಾಗ ಬೀಸೂ ದೀರ್ಘವಾಗಬೇಕಲ್ವಾ? “ಕೀ...” ಅಂತ ಉಸಿರು ಮುಗಿಯುವವರೆಗೆ ಎಳೆಯುತ್ತ, ಬಾಗಿಲು ದಾಟಿ, ಮೆಟ್ಟಿಲು ಒಂದೊಂದೇ ಗುಡಿಸುತ್ತ ಗೇಟಿನವರೆಗೂ ಹೋದ. ಖೀ, ಗೀ, ಘೀ ಎಲ್ಲಕ್ಕೂ ಹಾಗೇ. ಹಿಂದಿನ ದಿನ ದೂರು ಹೇಳಲು ಬಂದಿದ್ದ ಓನರ್ ಇವತ್ತು ಜಗುಲಿ ಮೇಲೆ ನಿಂತು, “ನಾಳೆ ಯಾವ ಅಕ್ಷರ ಮರಿ?” ಅಂತ ವಿಚಾರಿಸಿದರು.

ಒಂದೊಂದು ವ್ಯಂಜನಕ್ಕೆ ಹದಿನೈದು ರೂಪ. ಮೂವತ್ತನಾಲ್ಕಕ್ಕೆ ಐನೂರ ಹತ್ತು. ಎಂಟು ವರ್ಷದ ಮಗುವಿಗೆ ಅದು ಗುಡ್ಡದಷ್ಟು. ಎಲ್ಲವನ್ನೂ ಹೀಗೆ ಕುಣಿದು ಕಲಿತ ಅಂತ ನಾನು ಹೇಳುವುದಿಲ್ಲ. ಏತ್ವ, ಐತ್ವ, ಔತ್ವಕ್ಕೆಲ್ಲ ಅವನಿಗೆ ಏನೂ ಕಾಣಲಿಲ್ಲ. ಅವನ್ನು ಹಳೇ ಪದ್ಧತಿಯಲ್ಲೇ, ಕುಕ್ಕರ್ ವಿಷಲ್ ಎಣಿಸುತ್ತ ಕಲಿತ. ಆದರೆ ಕೊಂಬು ಬಂದ ದಿನ ಎರಡು ಬೆರಳು ತಲೆ ಮೇಲಿಟ್ಟು ಅಜ್ಜಿಯನ್ನು ಹಾಯಲು ಹೋದ. ಆವತ್ತೇ ನಾನು ಗಮನಿಸದೇ ಇದ್ದ ಒಂದನ್ನು ಅವನು ಗಮನಿಸಿದ. ಕು, ಗು, ತು ಎಲ್ಲದರ ಕೊಂಬು ಪಕ್ಕದಲ್ಲಿದೆ. ಪು ಮತ್ತು ವು ಬೇರೆ, ಕೊಂಬು ಕೆಳಗಿದೆ.

“ಮಿಸ್, ಇವೆರಡು ಹಸು ಮಲಗಿಬಿಟ್ಟಿವೆ.”

ವ ಪಕ್ಕದಲ್ಲಿ ಕೊಂಬು ಹಾಕಿದರೆ ಮ ಥರ ಕಂಡುಬಿಡುತ್ತೆ, ಅದಕ್ಕೆ ಕೆಳಗೆ ಹಾಕಿದ್ದಾರೆ ಅಂತ ಬರೆದು ತೋರಿಸಿದೆ. ತಲೆಯಾಡಿಸಿದ. ಆದರೂ ಇವತ್ತಿಗೂ ಅವನಿಗೆ ಅವು ಮಲಗಿರೋ ಹಸುಗಳೇ. ಆ ಎರಡು ಅಕ್ಷರ ಅವನು ಒಂದು ದಿನವೂ ತಪ್ಪು ಬರೆದಿಲ್ಲ.

ವಟ್ರಸುಳಿ ದಿನ ಅಜ್ಜಿ ಅವನ ತಲೆ ಬಗ್ಗಿಸಿ ನನಗೆ ತೋರಿಸಿದರು. ನೆತ್ತಿಯಲ್ಲಿ ಎರಡು ಸುಳಿ. “ಎರಡು ಸುಳಿ ಇದ್ರೆ ಎರಡು ಮದುವೆ ಅಂತಾರೆ ಕಣಮ್ಮ. ತುಂಟತನಾನೂ ಎರಡು ಪಾಲು.” ಗುಂಡ ಪಟದ ಹತ್ತಿರ ಹೋಗಿ ‘ಕೃ’ ಮೇಲೆ ಬೆರಳಿಟ್ಟ. “ಇದಕ್ಕೆ ಒಂದೇ ಸುಳಿ. ಪಾಪ, ಒಳ್ಳೆ ಹುಡುಗ.”

ಲೆಕ್ಕದ ಕಥೆ ಚಿಕ್ಕದು. ಚೌಕಾಬಾರ ಆಡಿದೆವು, ಅಷ್ಟೇ. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು. ಅಜ್ಜಿಯ ಕಾಯಿ ಕಡಿಯಬೇಕು ಅನ್ನುವ ಆಸೆಗೆ ಕೂಡುವುದು, ಕಳೆಯುವುದು ಎರಡು ತಿಂಗಳಲ್ಲಿ ಬಂತು. ಸೋತಾಗ ಮಣೆ ಎತ್ತಿ ಬಿಸಾಡುತ್ತಿದ್ದ. ಅದು ನಿಲ್ಲಲು ಇನ್ನೂ ಎರಡು ತಿಂಗಳು ಬೇಕಾಯಿತು.

ನವೆಂಬರ್‌ನಲ್ಲಿ ಒಂದು ಕೆಟ್ಟ ದಿನ ಬಂತು. ನಾನು ಹೋದಾಗ ಅವನು ಮಾತಾಡಲಿಲ್ಲ. ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಏನೋ ಬರೆದಿತ್ತು. ಕ್ಲಾಸಿನ ಹುಡುಗರು ಅವನಿಗೆ ಒಂದು ಅಡ್ಡಹೆಸರು ಇಟ್ಟಿದ್ದರು, ಅವನು ಒಬ್ಬನನ್ನು ತಳ್ಳಿದ್ದ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ನಾನು ಪುಸ್ತಕ ತೆರೆದೆ. ಅವನು ಹಾಲಿನ ಲೋಟ ಎಸೆದ. ಸ್ಟೀಲ್ ಲೋಟ. ನನ್ನ ಹುಬ್ಬಿಗೆ ತಾಗಿ ರಕ್ತ ಬಂತು. ಹಾಲು ನೆಲದ ಮೇಲೆ ಹರಿಯಿತು.

ಅವನು ಕಿಟಕಿ ಹತ್ತಿದ. ಮೂರನೇ ಪಟ್ಟಿ ದಾಟಿ, ಮೇಲೆ, ತುತ್ತತುದಿಗೆ.

ಅಮ್ಮ ಕೈ ಎತ್ತಿಕೊಂಡು ಬಂದರು. ಬೇಡ ಅಂತ ಸನ್ನೆ ಮಾಡಿದೆ. ಅಜ್ಜಿ ಹತ್ತಿಗೆ ಅರಿಶಿನ ಹಚ್ಚಿ ನನ್ನ ಹುಬ್ಬಿಗೆ ಒತ್ತಿ ಹಿಡಿದರು. ನಾನು ಕಿಟಕಿ ಕೆಳಗೆ ಗೋಡೆಗೆ ಒರಗಿ ಕೂತೆ. ನೋವಿಗಿಂತ ಜಾಸ್ತಿ ಭಯ ಆಗಿತ್ತು. ಐದು ತಿಂಗಳಲ್ಲಿ ಕಟ್ಟಿದ್ದು ಎಲ್ಲಾ ಒಂದೇ ಏಟಿಗೆ ಹೋಯಿತಾ ಅಂತ. ಯಾರೂ ‘ಇಳಿ’ ಅನ್ನಲಿಲ್ಲ. ಕುಕ್ಕರ್ ಮೂರು ಸಲ ಕೂಗಿ ಸುಮ್ಮನಾಯಿತು. ಸುಮಾರು ಹೊತ್ತಾದ ಮೇಲೆ ಮೇಲಿಂದ ಸಣ್ಣ ದನಿ ಬಂತು.

“ಇಳಿ ಅನ್ನಲ್ವಾ?”

“ನೀನೇ ಹೇಳ್ಕೋ ಇವತ್ತು.”

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, “ಇಳಿ” ಅಂತ ತನಗೆ ತಾನೇ ಹೇಳಿಕೊಂಡ. ಹಾರಲಿಲ್ಲ. ಒಂದೊಂದೇ ಪಟ್ಟಿ ಹಿಡಿದು ಇಳಿದ. ‘ಕಾ’ ಅನ್ನಲಿಲ್ಲ. ನನ್ನ ಮುಖ ನೋಡದೆ ಸೀದಾ ಅಡುಗೆಮನೆಗೆ ಹೋದ. ಬಂದಾಗ ಕೈಯಲ್ಲಿ ಪೊರಕೆ ಇತ್ತು. ಚೆಲ್ಲಿದ ಹಾಲನ್ನು ಗುಡಿಸತೊಡಗಿದ. ಹಾಲನ್ನು ಗುಡಿಸಿದರೆ ಏನಾಗುತ್ತೆ? ಒಂದು ಮೂಲೆಯಲ್ಲಿದ್ದದ್ದು ಇಡೀ ಹಾಲ್ ತುಂಬ ಹರಡಿತು. ಸೋಫಾ ಕಾಲು, ನನ್ನ ಬ್ಯಾಗು, ಅಮ್ಮನ ಸೀರೆ ಅಂಚು, ಎಲ್ಲದಕ್ಕೂ ಬಳಿಯಿತು. ಪ್ರತಿ ಬೀಸಿಗೂ ಬಾಯೊಳಗೇ “ಕಿ... ಖಿ... ಗಿ...” ಅನ್ನುತ್ತಿದ್ದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮೊದಲು ನಕ್ಕಿದ್ದು ಅಮ್ಮ. ಆಮೇಲೆ ನಾನು. ಕೊನೆಗೆ ಅವನೂ, ಅಳುತ್ತಲೇ.

ಆ ಪೊರಕೆ ಎಸೆಯಬೇಕಾಯಿತು. ವಾಸನೆ ಹೋಗಲಿಲ್ಲ.

ಡಿಸೆಂಬರ್‌ನಲ್ಲಿ ಶಾಲೆಯಿಂದ ಫೋನ್ ಬಂತು. ಕನ್ನಡ ಟೀಚರ್ ಬಂದು ಭೇಟಿಯಾಗಿ ಅಂದರಂತೆ. ಅಮ್ಮನ ಜೊತೆ ನಾನೂ ಹೋದೆ. ಇಬ್ಬರಿಗೂ ಎದೆ ಡವಡವ. ಟೀಚರ್ ಉಕ್ತಲೇಖನದ ಪುಸ್ತಕ ಮುಂದಿಟ್ಟರು. ಹತ್ತು ಪದ ಕೊಟ್ಟಿದ್ದರು. ಏಳು ಸರಿ ಇತ್ತು. ಜೂನ್ ತಿಂಗಳ ಅದೇ ಪುಸ್ತಕದಲ್ಲಿ ಖಾಲಿ ಹಾಳೆ ಇತ್ತು.

“ಬರೆದಿದ್ದು ಚೆನ್ನಾಗಿದೆ. ಆದರೆ ನನಗೊಂದು ಅರ್ಥ ಆಗಲಿಲ್ಲ,” ಅಂದರು. “ಕಾಗೆ ಅಂದೆ. ಬೆಂಚಿಂದ ಇಳಿದು ಮತ್ತೆ ಹತ್ತಿ ಕೂತು ಬರೆದ. ಬಾಳೆ ಅಂದೆ, ಮತ್ತೆ ಇಳಿದ. ಮಾವಿನಕಾಯಿ ಅಂದಾಗ ಎರಡು ಸಲ ಇಳಿದ.”

ನಾನು ಕಿಟಕಿಯ ಕಥೆ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕರು. ಮಾರನೇ ದಿನದಿಂದ ಗುಂಡನಿಗೆ ಗೋಡೆ ಪಕ್ಕ ಕೊನೇ ಬೆಂಚಿನ ತುದಿ ಕೊಟ್ಟರು. ಬೇಕು ಅನಿಸಿದಾಗ ನಿಂತುಕೊಂಡು ಬರೆಯಬಹುದು, ಯಾರನ್ನೂ ಮುಟ್ಟಬಾರದು ಅಂತ ಮಾತಾಯಿತು. ಎಷ್ಟು ಸುಲಭ. ಮೇಜು ಕುರ್ಚಿ ಯಾವುದನ್ನೂ ಹೊಸದಾಗಿ ತರಿಸಬೇಕಾಗಿರಲಿಲ್ಲ. ಎಲ್ಲ ಶಾಲೆಗಳಲ್ಲೂ ಇಷ್ಟು ಮಾಡಬಹುದು ಅಂತ ನನಗೆ ಬಲವಾಗಿ ಅನಿಸುತ್ತದೆ.

ಜನವರಿಯಲ್ಲಿ ಒತ್ತಕ್ಷರ ಶುರು ಮಾಡಿದೆವು. ‘ಕ ಗೆ ಕ ಒತ್ತು’ ಅಂದೆ. ಒತ್ತು ಅಂದ ಕೂಡಲೇ ಅವನಿಗೆ ಹೊಳೆದದ್ದು ಕಾಲಿಂಗ್ ಬೆಲ್. ಬಾಗಿಲಾಚೆ ಓಡಿ ಒತ್ತಿ ಬಂದ. “ಕ್ಕ!” ಮತ್ತೆ ಓಡಿದ. “ಪ್ಪ!” ಆ ವಾರ ಆ ಮನೆಯ ಬೆಲ್ ಬಡಿದುಕೊಂಡಷ್ಟು ಯಾವತ್ತೂ ಬಡಿದುಕೊಂಡಿರಲಿಲ್ಲ. ನಿಜವಾಗಿ ಬಂದ ಹಾಲಿನವರು ಹತ್ತು ನಿಮಿಷ ಹೊರಗೇ ನಿಂತಿದ್ದರು. ಒತ್ತಕ್ಷರ ಅಂದುಕೊಂಡು ಯಾರೂ ಬಾಗಿಲು ತೆಗೆದಿರಲಿಲ್ಲ.

ಜನವರಿ 15ಕ್ಕೆ ಸಂಕ್ರಾಂತಿ. ಎಳ್ಳು ಬೀರಲು ತಟ್ಟೆ ಸಿದ್ಧವಾಗುತ್ತಿದ್ದಾಗ ಗುಂಡ ಪಕ್ಕದಲ್ಲಿ ಕೂತು ಒಂದೊಂದೇ ಹೆಸರು ಹೇಳಿಕೊಂಡ. ಎಳ್ಳು. ಬೆಲ್ಲ. ಕೊಬ್ಬರಿ. ಕಬ್ಬು. ಸಕ್ಕರೆ ಅಚ್ಚು. “ಅಜ್ಜೀ, ಎಲ್ಲದಕ್ಕೂ ಒತ್ತು ಇದೆ! ಹಬ್ಬಕ್ಕೂ ಇದೆ!” ಆಮೇಲೆ ಹುರಿಗಡಲೆ, ಕಡಲೆಬೀಜ ನೋಡಿದ. ಅವೆರಡಕ್ಕೆ ಒತ್ತು ಇಲ್ಲ. ಕಲಸಿಟ್ಟ ಎಳ್ಳಿನ ಡಬ್ಬದಿಂದ ಎರಡನ್ನೂ ಒಂದೊಂದಾಗಿ ಹೆಕ್ಕಿ ಬೇರೆ ಬಟ್ಟಲಿಗೆ ಹಾಕಿದ. ಒಂದು ಗಂಟೆ ಹತ್ತು ನಿಮಿಷ ಕದಲದೆ ಕೂತಿದ್ದ ಅಂತ ಅಮ್ಮ ನನಗೆ ಫೋನ್ ಮಾಡಿ ಹೇಳಿದರು. ಹೇಳುವಾಗ ಅವರ ದನಿ ನಡುಗುತ್ತಿತ್ತು.

ಹಬ್ಬ ಮುಗಿದು ಪಾಠಕ್ಕೆ ಹೋದೆ. ಸ್ಲೇಟಿನ ಮೇಲೆ ದೊಡ್ಡದಾಗಿ ಬರೆದು ಇಟ್ಟುಕೊಂಡಿದ್ದ. ಅಪ್ಪ. ಅಮ್ಮ. ಅಜ್ಜಿ. ಕೆಳಗೆ ಅಕ್ಕ.

“ಅಕ್ಕ ಯಾರೋ? ನಿಂಗೆ ಅಕ್ಕ ಇಲ್ವಲ್ಲ,” ಅಂದೆ.

“ನೀನೇ. ಮಿಸ್‌ಗೆ ಒತ್ತು ಇಲ್ಲ. ಮನೆಯೋರಿಗೆಲ್ಲ ಒತ್ತು ಇರುತ್ತೆ.”

ನಾನು ಏನಾದರೂ ಹೇಳುವ ಮೊದಲೇ ಅವನು ಸ್ಲೇಟಿನ ಮೇಲೆ ಬಗ್ಗಿದ್ದ. ಬೆರಳಿಟ್ಟು ಒಂದೊಂದನ್ನೇ ನೋಡಿದ.

“ಅಪ್ಪಂಗೆ ಗುಡಿಸು ಇಲ್ಲ. ಅಮ್ಮಂಗೆ ಇಲ್ಲ. ಅಕ್ಕಂಗೂ ಇಲ್ಲ. ಅಜ್ಜಿಗೆ ಮಾತ್ರ ಗುಡಿಸು ಇದೆ. ಅದಕ್ಕೇ ದಿನಾ ಅಜ್ಜಿನೇ ಗುಡಿಸೋದು.”

ಅಜ್ಜಿ ನಕ್ಕೂ ನಕ್ಕೂ ಸುಸ್ತಾಗಿ ಸೋಫಾ ಮೇಲೆ ಕೂತರು. ಅಷ್ಟರಲ್ಲಿ ಅಪ್ಪ ಫ್ಯಾಕ್ಟರಿಯಿಂದ ಬಂದರು. ಇನ್ನೂ ಶೂ ಬಿಚ್ಚಿರಲಿಲ್ಲ. ಅಜ್ಜಿ ಎದ್ದುಹೋಗಿ ಹೊಸ ಪೊರಕೆ ತಂದು ಮಗನ ಕೈಗೆ ಕೊಟ್ಟರು.

“ತಗೋಪ್ಪಾ. ನಲವತ್ತು ವರ್ಷ ನಾನು ಗುಡಿಸಿದ್ದಾಯ್ತು.”

ಅವರು ಏನೂ ಅರ್ಥವಾಗದೆ ಪೊರಕೆ ಹಿಡಿದು ನಿಂತರು. ಗುಂಡ ಆಗಲೇ ಕಿಟಕಿಯ ಮೂರನೇ ಪಟ್ಟಿ ಮೇಲಿದ್ದ.

“ಅಪ್ಪ... ಗುಡಿಸು... ಅಪ್ಪಿ!” ಅಂತ ಕೂಗಿ ಕೆಳಗೆ ಹಾರಿದ.